ಬೇರೆಯಾದ ಮೊದಲ ದಿನ

ಗಂಡ ಹುಲಿಗೆಪ್ಪನಿಂದ ವಿಚ್ಛೇದನ ಪಡೆಯಲು ಪೀರಮ್ಮ ಅವನದೇ ಸ್ಕೂಟರಿನ ಹಿಂದೆ ಕೂತು ಕೆ.ಆರ್. ಪುರದಿಂದ ಶಿವಾಜಿನಗರದ ವಕೀಲರ ಕಚೇರಿಗೆ ಬಂದಳು. ಅವನಿಗೂ ಬಿಡುಗಡೆ ಬೇಕಿತ್ತು. ಮದುವೆಯಾದ ಮೇಲೆ ಇಬ್ಬರೂ ಒಪ್ಪಿದ ಮೊದಲ ಸಂಗತಿ ಇದೇ.

“ಒಂದು ವರ್ಷದಿಂದ ಬೇರೆ ಇದ್ದೀರಾ? ಇಲ್ದಿದ್ರೆ ಅರ್ಜಿ ಹಾಕೋಕಾಗಲ್ಲ,” ಎಂದರು ವಕೀಲೆ ರಂಜನಾ.

“ರೂಮು ಒಂದ ಐತ್ರೀ ಮೇಡಂ. ನಡುವ ಸೀರಿ ಕಟ್ಟೀನಿ,” ಎಂದಳು ಪೀರಮ್ಮ.

“ಪರವಾಗಿಲ್ಲ, ಗಂಡ ಹೆಂಡ್ತಿ ಥರ ಇರಬಾರ್ದು ಅಷ್ಟೆ. ಅಡುಗೆ?”

“ನಂದು ನಾ ಮಾಡ್ಕೊಂತೀನ್ರೀ. ಇವನ್ದು ಇವನ.”

ರಂಜನಾ ಬರೆದುಕೊಳ್ಳತೊಡಗಿದರು. ಕೇಸು ಗಟ್ಟಿಯಾಗಲೆಂದು ಹುಲಿಗೆಪ್ಪ ತಾನೂ ಒಂದು ಮಾತು ಸೇರಿಸಿದ.

“ಇಕಿ ಕೂಡ ಬಾಳ್ವಿ ಆಗಂಗಿಲ್ರೀ. ಮುಂಜಾನಿ ಮಾಡಿ ಕೊಟ್ಟ ಪಲ್ಯಾಕ ಉಪ್ಪ ಇರ್ಲಿಲ್ಲ.”

ರಂಜನಾ ಪೆನ್ನಿಗೆ ಮುಚ್ಚಳ ಹಾಕಿದರು. “ವರ್ಷ ಇವತ್ತಿಂದ ಎಣಿಸ್ಕೊಳ್ಳಿ.”

ಹೊರಗೆ ಮಧ್ಯಾಹ್ನವಾಗಿತ್ತು. ಪೀರಮ್ಮ ಸ್ಕೂಟರಿನ ಡಿಕ್ಕಿಯಿಂದ, ಬೆಳಗ್ಗೆ ತಾನೇ ಅವನಿಗೆ ಕಟ್ಟಿಕೊಟ್ಟಿದ್ದ ಬುತ್ತಿ ತೆಗೆದು, ಮೆಟ್ಟಿಲ ಮೇಲೆ ಕೂತು, ರೊಟ್ಟಿಯನ್ನೆಲ್ಲ ಒಬ್ಬಳೇ ತಿನ್ನತೊಡಗಿದಳು.

“ನನಗ?” ಎಂದ ಹುಲಿಗೆಪ್ಪ.

“ವರ್ಸ ಸುರು ಆಗೇತಿ.”

ಪಲ್ಯಕ್ಕೆ ಉಪ್ಪು ನಿಜಕ್ಕೂ ಇರಲಿಲ್ಲ. ಅದನ್ನು ಅವಳು ಹೇಳಲಿಲ್ಲ.