ಮೆಚ್ಚುಗೆಯ ಕುರ್ಚಿ

ದೊಡ್ಡಕ್ಕನ ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ನೀಲಿಗಟ್ಟಿದ್ದವು. ಆಸ್ಪತ್ರೆ, ಹೋಟೆಲುಗಳ ಹೊದಿಕೆ ಒಗೆದುಕೊಡುವ ಆ ಕಾರ್ಖಾನೆಯಲ್ಲಿ ಅವಳದು ಇಸ್ತ್ರಿ ಮೇಜು. ಒದ್ದೆ ಬಟ್ಟೆ ಎಳೆಯಬೇಕು, ಒತ್ತಬೇಕು, ಆಚೆ ತಳ್ಳಬೇಕು. ನಡುವೆ ಸಿಗುವ ವಿಶ್ರಾಂತಿಯೆಂದರೆ ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ದಾಟಿಸುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕೂರುವಂತಿರಲಿಲ್ಲ. ಕೂತರೆ ಕೈ ಜಡವಾಗುತ್ತದೆ, ಹಿಂದೆಯೇ ಕಣ್ಣು ಮುಚ್ಚುತ್ತದೆ ಎಂಬುದು ಮ್ಯಾನೇಜರರ ಶಾಸ್ತ್ರ. ಬಟ್ಟೆಗಂಟಿನ ಮೇಲೆ ಒಂದು ಗಳಿಗೆ ಕೂತ ಬಸುರಿಯೊಬ್ಬಳು ಮಾರನೆಯ ದಿನದಿಂದ ಮನೆಯಲ್ಲೇ ಕೂತಿದ್ದಳು.

ಹೀಗೇ ನಿಂತರೆ ಕಾಲು ಹುಣ್ಣಾಗಿ ಮುಂದೆ ನಿಲ್ಲುವುದಕ್ಕೂ ಆಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಿಲ್ಲಲಾಗದವಳಿಗೆ ಅಲ್ಲಿ ಕೆಲಸವಿಲ್ಲ. ಅವಳ ಗಂಡ ದರ್ಜಿ. ಕಾಲಿಗೆ ಎಣ್ಣೆ ತಿಕ್ಕುತ್ತಾ ನಗಿಸಲು ನೋಡಿದ. "ನಾನು ಕೂತು ಕೂತು ಸೊಂಟ ಕಳ್ಕೊಂಡೆ, ನೀನು ನಿಂತು ನಿಂತು ಕಾಲು ಕಳ್ಕೊಂಡೆ. ಇಬ್ಬರನ್ನೂ ಬಿಚ್ಚಿ ಹೊಲಿದರೆ ಒಂದು ಪೂರ್ತಿ ಆಳು ಆಗುತ್ತೆ ನೋಡು."

"ಮಿಕ್ಕ ತುಂಡು ಏನು ಮಾಡ್ತೀಯ?"

"ಮ್ಯಾನೇಜರಿಗೆ ಕೊಡೋಣ. ಅವರಿಗೆ ಎದೆ ಹತ್ತಿರ ಬಟ್ಟೆ ಕಮ್ಮಿ ಬಿದ್ದಿದೆ."

ಮ್ಯಾನೇಜರು ಆಗಷ್ಟೇ ಒಂದು ತರಬೇತಿ ಮುಗಿಸಿ ಬಂದಿದ್ದರು. ಕೆಲಸಗಾರರನ್ನು ಮೆಚ್ಚಿಕೊಳ್ಳುವುದು ಹೇಗೆ ಎಂದು ಅಲ್ಲಿ ಮುಂದಾಳುಗಳಿಗೆ ಕಲಿಸಿದ್ದರಂತೆ. ಮೊದಲು ನಗುಮುಖದ ಬಿಲ್ಲೆಗಳು ಬಂದವು. ಅವುಗಳ ಪಿನ್ನು ತಾಗಿ ಹೋಟೆಲಿನ ಹೊದಿಕೆ ಹರಿದಾಗ ನಗುಮುಖಗಳನ್ನೆಲ್ಲ ಗದರಿಸಿ ವಾಪಸು ಪಡೆಯಲಾಯಿತು. ಆಮೇಲೆ ಬಂದದ್ದು ಹಿತ್ತಾಳೆ ಗಂಟೆ ಮತ್ತು ಕುರ್ಚಿ. ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಕೈ. ಕೂರುವವರ ಬೆವರು ತಾಗದಿರಲೆಂದು ಪ್ಲಾಸ್ಟಿಕ್ ಹೊದಿಕೆಯನ್ನು ಹಾಗೇ ಬಿಟ್ಟಿದ್ದರು.

ಗಂಟೆ ಬಾರಿಸಿ, ಒಬ್ಬರನ್ನು ಕೂರಿಸಿ, ಫೋಟೋ ತೆಗೆದು ಎಬ್ಬಿಸುವುದು ಪದ್ಧತಿ. ಮೊದಲ ಸಲ ಚಪ್ಪಾಳೆ ಕೆಮ್ಮಿದ ಹಾಗೆ ಬಿದ್ದು ಕಾರ್ಖಾನೆಯ ಯಜಮಾನರು ಮುಖ ಸಿಂಡರಿಸಿದ್ದರು. ಅಂದಿನಿಂದ ಮ್ಯಾನೇಜರು ಕಟ್ಟಪ್ಪಣೆ ಮಾಡಿದರು: ಕುರ್ಚಿಯಲ್ಲಿದ್ದವರು ಏಳುವ ತನಕ ಯಂತ್ರ ಮುಟ್ಟಬಾರದು, ಚಪ್ಪಾಳೆ ನಿಲ್ಲಿಸಬಾರದು. ಕೂತವರು ಬೆಂಕಿ ತಾಗಿದ ಹಾಗೆ ಎದ್ದುಬಿಡುತ್ತಿದ್ದುದರಿಂದ ಯಾರ ಅಂಗೈಯೂ ಕೆಂಪಾಗಿರಲಿಲ್ಲ.

ದೊಡ್ಡಕ್ಕ ಸ್ಟೂಲು ಕೇಳಲು ಹೋದಳು. ಬಟ್ಟೆ ಮಡಿಚುವವಳು ಜೊತೆಗಿದ್ದಳು. ಬಾಯಿ ಸುಮ್ಮನಿರದ ಅವಳನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ಮ್ಯಾನೇಜರು ತರಬೇತಿಯಲ್ಲಿ ಕಲಿತಂತೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು, ತಲೆದೂಗಿದರು, ನಿಮ್ಮ ವಿಷಯ ಯಜಮಾನರ ಗಮನಕ್ಕೆ ತರುತ್ತೇನೆ ಎಂದರು. ಆ ರಾತ್ರಿ ದೊಡ್ಡಕ್ಕ ಗಂಡನಿಗೆ, ಕೊಟ್ಟೇ ಕೊಡ್ತಾರೆ ಎಂದಳು.

ಮಾರನೆಯ ದಿನ ಗಂಟೆ ಮೊಳಗಿತು. ಯಜಮಾನರೇ ಬಂದಿದ್ದರು. ಮ್ಯಾನೇಜರು ಕೂಗಿದ್ದು ದೊಡ್ಡಕ್ಕನನ್ನು.

"ಇಷ್ಟು ವರ್ಷದಲ್ಲಿ ಈ ಅಕ್ಕ ಒಂದು ಸಲವೂ ಕೂತವರಲ್ಲ. ಇಂಥವರೇ ನಮಗೆಲ್ಲ ಮಾದರಿ. ಬನ್ನಿ ಅಕ್ಕ, ಕೂತ್ಕೊಳ್ಳಿ."

ದೊಡ್ಡಕ್ಕ ಕೂತಳು. ಪ್ಲಾಸ್ಟಿಕ್ಕು ಕಿರುಗುಟ್ಟಿತು. ಕಾಲೊಳಗೆ ಕಟ್ಟಿಕೊಂಡಿದ್ದ ಉರಿ ಮೆಲ್ಲಗೆ ಇಳಿಯತೊಡಗಿತು. ಫೋಟೋ ಆಯಿತು. ಮ್ಯಾನೇಜರು ಕೈ ಚಾಚಿದರು. ಅವಳು ಆ ಕೈಯನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು.

"ಏಳಿ ಅಕ್ಕ, ಆಯ್ತು."

"ನಂದಿನ್ನೂ ಆಗಿಲ್ಲ ಸಾರ್."

ಚಪ್ಪಾಳೆ ಒಂದು ಕ್ಷಣ ತಡವರಿಸಿತು. ಗಿಳಿ ಅದನ್ನು ಎತ್ತಿಕೊಂಡಳು, ರಪರಪ ಬಡಿದಳು. ಒಗೆಯುವವರು, ಹಿಂಡುವವರು, ಗಂಟು ಕಟ್ಟುವವರು ಎಲ್ಲರೂ ಸೇರಿಕೊಂಡರು. ಬಾಯ್ಲರು ಸುಮ್ಮನೆ ಉಸಿರು ಬಿಡುತ್ತಿತ್ತು. ಒದ್ದೆ ಹೊದಿಕೆಗಳು ಮೇಜಿನ ಮೇಲೆ ತಣ್ಣಗಾದವು. ಹೊರಗೆ ಆಸ್ಪತ್ರೆಯ ವ್ಯಾನು ಹಾರ್ನು ಹೊಡೆಯಿತು.

"ಸಾಕು, ನಿಲ್ಲಿಸಿ," ಎಂದರು ಯಜಮಾನರು.

"ಹೇಗೆ ನಿಲ್ಲಿಸೋದು ಸಾರ್?" ಗಿಳಿ ಬಡಿಯುತ್ತಲೇ ಕೇಳಿದಳು. "ಅಕ್ಕ ಎದ್ದೇ ಇಲ್ಲವಲ್ಲ. ಅಪ್ಪಣೆ ನಿಮ್ಮದೇ."

ಮ್ಯಾನೇಜರು ಬಗ್ಗಿ ದೊಡ್ಡಕ್ಕನ ಕಿವಿಯಲ್ಲಿ, ಏನು ಬೇಕು ನಿಮಗೆ, ಇದನ್ನು ಎಲ್ಲರೆದುರು ಮಾತಾಡಬೇಕೇ ಎಂದರು. ಅವಳು ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

"ಈ ಕುರ್ಚಿ ನೀವೇ ಇಟ್ಕೊಳ್ಳಿ. ನಮಗೆ ಒಬ್ಬೊಬ್ಬರಿಗೂ ಒಂದು ಸ್ಟೂಲು ಕೊಡಿ. ಬೆನ್ನು ಒರಗೋಕೆ ಇಲ್ಲದಿದ್ದರೂ ಪರವಾಗಿಲ್ಲ. ಆ ಬಸುರಿ ಹುಡುಗೀನೂ ವಾಪಸು ಕರೀರಿ."

ಇಷ್ಟು ಹೊತ್ತು ಬಡಿದದ್ದು ಚಪ್ಪಾಳೆಯೇ ಅಲ್ಲವೆಂಬಂತೆ ಈಗ ಸದ್ದು ತಗಡಿನ ಸೂರಿಗೆ ಹೊಡೆಯಿತು.

ಯಜಮಾನರು ಬೆವರು ಒರೆಸಿಕೊಂಡು ಕೂರಲು ಜಾಗಕ್ಕಾಗಿ ಸುತ್ತ ನೋಡಿದರು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ಬಟ್ಟೆಗಂಟು ಕಂಡಿತು, ಅದರ ಮೇಲೆ ಕೂರುವಂತಿರಲಿಲ್ಲ. ಚಪ್ಪಾಳೆ ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ಅವರು ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ದಾಟಿಸಿದರು.

ದೊಡ್ಡಕ್ಕ ಅದನ್ನು ನೋಡಿದಳು. ಕುರ್ಚಿಯ ಕೈಗೆ ಮೊಣಕೈ ಊರಿ ಇನ್ನಷ್ಟು ಒರಗಿ ಕೂತಳು.