ಮೂರನೆಯ ಚಮಚ

ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಳಿಯ ತಟ್ಟೆ. ತಟ್ಟೆಯಲ್ಲಿ ನಾಲ್ಕು ಮಾತ್ರೆಗಳು. ಆರು ಮೂಲೆಯವು, ಬಿಳಿಯವು, ಒಂದಕ್ಕೊಂದು ತಾಗದಂತೆ ಇಟ್ಟವು. ಪಕ್ಕದಲ್ಲಿ ಒಂದು ಲೋಟ ನೀರು. ಮಹ್ದಿಯಾ ಊರಿನ ಕಡಲಿನ ಬೆಳಕು ಆ ನೀರಿನೊಳಗೆ ಇಳಿದು, ತಟ್ಟೆಯ ಅಂಚಿನಲ್ಲಿ ನಡುಗುವ ಬಳೆಯೊಂದನ್ನು ಬರೆದಿತ್ತು. ಲೋಟದ ಕೆಳಗೆ, ಗಾಳಿಗೆ ಹಾರದಂತೆ, ಒಂದು ಚೀಟಿ. ಚೀಟಿಯಲ್ಲಿ ನೀಲಿ ಶಾಯಿಯ ಒಂದು ಬಾಯಿ. ಎಡಗೆನ್ನೆಯೊಳಗೆ ಎರಡು ಚುಕ್ಕೆ, ಬಲಗೆನ್ನೆಯೊಳಗೆ ಎರಡು ಚುಕ್ಕೆ. ಅದರ ಕೆಳಗೆ ಒಂದು ಗಡಿಯಾರ, ಅರ್ಧಕ್ಕೆ ಶಾಯಿ ತುಂಬಿದ್ದು. ಕಟ್ಟೆಯ ಆಚೆ ತುದಿಯಲ್ಲಿ, ಇವುಗಳ ಪರಿಚಯವೇ ತನಗಿಲ್ಲವೆಂಬಂತೆ, ಸುಲಿದ ಬಾದಾಮಿಯ ಸಣ್ಣ ಗುಡ್ಡೆ. ಆ ಬೆಳಕಿನ ಬಳೆಯೊಂದನ್ನು ಬಿಟ್ಟರೆ ಅಲ್ಲಿ ಯಾವುದೂ ಅಲುಗುತ್ತಿರಲಿಲ್ಲ.

ಅದರ ಮುಂದೆ ವಿದಾದ್ ಕುಳಿತು ಬಹಳ ಹೊತ್ತಾಗಿತ್ತು.

ಒಂಬತ್ತು ವಾರದ ಬಸಿರು. ಏಳನೆಯ ವಾರದಲ್ಲೇ ಕೂಸಿನ ಎದೆಬಡಿತ ನಿಂತಿತ್ತೆಂದು ಸ್ಕ್ಯಾನು ಹೇಳಿತ್ತು. ಆದರೆ ಮೈಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬೆಳಗಿನ ಓಕರಿಕೆ ಹಾಗೆಯೇ ಬರುತ್ತಿತ್ತು, ಎದೆ ಹಾಗೆಯೇ ಭಾರವಾಗಿತ್ತು, ನಿಂಬೆಹಣ್ಣಿನ ಬಯಕೆ ಹಾಗೆಯೇ ಇತ್ತು. ಸತ್ತವರ ಹೆಸರಿಗೆ ಬರುವ ಕಾಗದಗಳ ಹಾಗೆ ಅವೆಲ್ಲ ದಿನವೂ ತಪ್ಪದೆ ಬರುತ್ತಿದ್ದವು.

ಮೂರು ವರ್ಷದ ಹಿಂದೆ ಇಂಥದೇ ಒಂದು ಕೂಸನ್ನು ಅವಳು ದೊಡ್ಡಾಸ್ಪತ್ರೆಯಲ್ಲಿ ಕಳೆದುಕೊಂಡಿದ್ದಳು. ಪರದೆಯ ಆಚೆ ಬಾಣಂತಿಯರು. ಅವರ ತಾಯಂದಿರು ನಾಲಿಗೆ ಹೊರಳಿಸಿ ಹಾಕುವ ಹರುಷದ ಕೂಗು. ಗಳಿಗೆಗೊಂದು ಹೊಸ ಅಳು. ಹೆರಿಗೆಯಾದ ಮನೆಯವರು ಹಂಚುವ ಎಳ್ಳಿನ ಸಿಹಿಯನ್ನು ಯಾರೋ ಒಬ್ಬಾಕೆ, ತಿಳಿಯದೆ, ಅವಳ ಕೈಗೂ ಒಂದು ಬಟ್ಟಲು ಇಟ್ಟು ಹೋಗಿದ್ದಳು. ಆ ಬಟ್ಟಲನ್ನು ಹಿಡಿದು ಅವಳು ಒಂದು ಹಗಲಿಡೀ ಕೂತಿದ್ದಳು. ಈ ಸಲ ಅಲ್ಲಿಗೆ ಹೋಗಲಾರೆ ಎಂದಳು. ಹೋಗುವುದಾದರೆ ಕೂಸು ತನ್ನ ಮನೆಯಿಂದ ಹೋಗಲಿ.

ಚಿಕಿತ್ಸಾಲಯದ ಸೂಲಗಿತ್ತಿ ನಜೀಹಾ ಒಪ್ಪಿದ್ದಳು. ರಕ್ತ ಪರೀಕ್ಷೆ ನೋಡಿ, ಬಸಿರು ಗರ್ಭಕೋಶದೊಳಗೇ ಇದೆಯೆಂದು ಖಚಿತಮಾಡಿಕೊಂಡು, ಮೊದಲ ಮಾತ್ರೆಯನ್ನು ತನ್ನೆದುರಿಗೇ ನುಂಗಿಸಿ, ಈ ನಾಲ್ಕನ್ನು, ಚಿತ್ರ ಬರೆದ ಚೀಟಿಯೊಡನೆ, ಮನೆಗೆ ಕೊಟ್ಟಿದ್ದಳು.

"ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಇಟ್ಕೋ. ಒಂದ್ಗಂಟೆ ಮುಂಚೆ ನೋವಿನ ಮಾತ್ರೆ. ಇವನ್ನ ಮಾತ್ರ ನುಂಗ್ಬೇಡ, ವಿದಾದ್. ನುಂಗಿದ್ರೆ ಇದರ ಶಕ್ತಿ ಕುಂದುತ್ತೆ. ಎರಡು ಈ ಕೆನ್ನೇಲಿ, ಎರಡು ಆ ಕೆನ್ನೇಲಿ. ಅರ್ಧ ಗಂಟೆ ಮಾತಿಲ್ಲ, ಚಹಾ ಇಲ್ಲ. ಆಮೇಲೆ ಬಾಯಲ್ಲಿ ಉಳಿದಿದ್ದನ್ನ ನೀರು ಕುಡಿದು ನುಂಗು. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ಹೋದ್ರೆ ನನ್ನ ಅಪ್ಪಣೆ ಕಾಯ್ಬೇಡ, ಸೀದಾ ಆಸ್ಪತ್ರೆ. ಈ ಇನ್ನೊಂದು ಪೊಟ್ಟಣ ಇದೆಯಲ್ಲ, ಇದನ್ನ ನಾನು ಹೇಳಿದ್ರೆ ಮಾತ್ರ ಬಿಚ್ಚು. ಇದಕ್ಕೂ ಆಗ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೇನೇ, ಮಗಳೇ."

ನಜೀಹಾ ಗಂಟೆಗಳನ್ನು ಲೆಕ್ಕಹಾಕಿದ್ದಳು. ಅದು ಯಾವ ದಿನಕ್ಕೆ ಬೀಳುತ್ತದೆಂಬುದು ಆ ಕೋಣೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಅದು ಮೌಲೂದ್, ಪ್ರವಾದಿ ಹುಟ್ಟಿದ ಹಬ್ಬ. ಆ ಬೆಳಿಗ್ಗೆ ಓಣಿಯ ಮನೆಮನೆಯಲ್ಲೂ ಪೈನ್ ಮರದ ಕರಿಬೀಜ ಅರೆದು, ಸೋಸಿ, ಅಸೀದಾ ಎಂಬ ಸಿಹಿ ಮುದ್ದೆ ಕಾಸಿ, ಮೇಲೆ ಕೆನೆ ಹರಡಿ, ಬಾದಾಮಿಯಿಂದ ಚಿತ್ತಾರ ಬರೆದು, ಬಟ್ಟಲುಗಳನ್ನು ಮನೆಯಿಂದ ಮನೆಗೆ ಕಳಿಸುತ್ತಾರೆ. ಅಂದು ಯಾರೂ ಬಾಗಿಲಿಗೆ ಅಗುಳಿ ಹಾಕುವುದಿಲ್ಲ.

ವಿದಾದ್ ಬಾಯಿ ಒದ್ದೆಮಾಡಿಕೊಂಡು ಮಾತ್ರೆಗಳನ್ನು ಒಂದೊಂದಾಗಿ ಕೆನ್ನೆಗೆ ಸೇರಿಸಿದಳು. ಗಂಡ ಶುಕ್ರಿ ಗೋಡೆಯ ಗಡಿಯಾರ ನೋಡಿದ. ರೇಷ್ಮೆ ನೇಯುವವನು, ಮಾತು ಕಡಿಮೆ.

"ಪ್ಯಾಡು ಎರಡೇ ಇವೆ. ಹಬ್ಬದ ದಿನ ಯಾವ ಅಂಗಡಿ ತೆಗೆದಿದೆಯೋ ನೋಡ್ಕೊಂಡು ಓಡಿ ಬರ್ತೀನಿ," ಎಂದು ಹೊರಟ. ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಹೋದ.

ಹದಿಮೂರನೆಯ ನಿಮಿಷಕ್ಕೆ ಎದುರುಮನೆಯ ಲೆಲ್ಲಾ ಶಾದ್ಲಿಯಾ ಒಳಗೆ ಬಂದಳು. ಎಪ್ಪತ್ತರ ಮುದುಕಿ, ಅವಳಿಗಿಂತ ಮೊದಲು ಅವಳ ದನಿ ಬರುತ್ತಿತ್ತು. ವಿದಾದ್ ಬಸುರಿಯೆಂದು, ಯಾರೂ ಹೇಳದೆ, ನಿಂಬೆಹಣ್ಣಿನ ಚೀಲ ನೋಡಿಯೇ ಕಂಡುಹಿಡಿದವಳು. ಆಮೇಲಿನದು ಅವಳಿಗೆ ಗೊತ್ತಿರಲಿಲ್ಲ.

"ಏನೇ ಮಗಳೇ, ಹಬ್ಬದ ದಿನ ಬಾಗಿಲು ಎಳ್ಕೊಂಡು ಕೂತಿದೀಯ? ಇವತ್ತು ಬಾಗಿಲು ಎಳ್ಕೊಳ್ಳೋರು ಇಬ್ಬರೇ, ಜಿಪುಣರು ಮತ್ತೆ ಹೊಸ ಮದುವೆಯೋರು. ನೋಡು, ನಿಂಗೇ ಅಂತ ಮೊದಲ ಬಟ್ಟಲು. ಏನದು, ಕೆನ್ನೆ ಊದಿದೆ? ಬಾದಾಮಿ ಇಟ್ಕೊಂಡಿದೀಯ! ಬಟ್ಟಲಿಗೆ ಹಾಕೋದನ್ನ ಕದ್ದು ತಿಂತಿದೀಯ! ತಿನ್ನು, ತಿನ್ನು. ಬಸುರಿ ಕದ್ರೆ ಪಾಪ ಬರಲ್ಲ."

ವಿದಾದ್ ಕೈಯಾಡಿಸಿದಳು, ಬೇಡ, ಆಮೇಲೆ, ಎಂಬಂತೆ.

"ಆಮೇಲೆ ಗೀಮೇಲೆ ಇಲ್ಲ. ಘಮ ಮೂಗಿಗೆ ಬಿತ್ತಲ್ಲ? ಬಿದ್ಮೇಲೆ ಬಸುರಿ ತಿನ್ಲೇಬೇಕು. ನನ್ನ ನಾದಿನಿ ನಾಳೆ ತಿಂತೀನಿ ಅಂದ್ಲು. ಅವಳ ಮಗಳ ಹಣೆ ನೋಡಿದೀಯಲ್ಲ? ಇಷ್ಟಗಲ ಕರಿ ಮಚ್ಚೆ. ನಮ್ಮ ಕೂಸಿನ ಮುಖದ ಮೇಲೆ ಒಂದು ಚುಕ್ಕೆ ಬೀಳಕ್ಕೂ ನಾನು ಬಿಡಲ್ಲ. ಬಾಯ್ ತೆಗಿ."

ಒಂದು ಮಾತು ಸಾಕಾಗಿತ್ತು. ಆದರೆ ಆ ಮಾತನ್ನು ವಿದಾದ್ ಈವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ಆಡಿದರೆ ಅದು ನಿಜವಾಗುತ್ತಿತ್ತು. ಚಮಚ ತುಟಿಗೆ ಬಂದು ನಿಂತಿತ್ತು.

"ಇದು ನಿಂಗೆ," ಎಂದಳು ಲೆಲ್ಲಾ. ತಂಪಾದ, ಕಾಡಿನ ಹೊಗೆಯ ಘಮದ ಮುದ್ದೆ ನಾಲಿಗೆಯ ಮೇಲೆ ಹರಡಿತು. ಮಾತ್ರೆಗಳು ಕೆನ್ನೆಯಿಂದ ಸರಿದವು.

"ಇದು ನಿನ್ನ ಆ ಮೂಗ ಗಂಡಂಗೆ." ಎರಡು ಗಂಟಲಿಗಿಳಿದವು.

"ಇದು," ಮುದುಕಿ ದನಿ ತಗ್ಗಿಸಿದಳು, ನಿದ್ದೆಯಲ್ಲಿರುವವರನ್ನು ಎಬ್ಬಿಸಬಾರದೆಂಬಂತೆ, "ಇದು ಒಳಗಿರೋ ಸುಲ್ತಾನಂಗೆ."

ಮೂರನೆಯ ಚಮಚಕ್ಕೆ ವಿದಾದ್ ತಾನಾಗಿ ಬಾಯಿ ತೆರೆದಳು. ಉಳಿದೆರಡರ ಸಮೇತ ನುಂಗಿದ ಆ ಒಂದು ಕ್ಷಣ, ಕೂಸಿಗಾಗಿ ಉಣ್ಣುವ ಎಲ್ಲ ತಾಯಂದಿರಂತೆ ಅವಳೂ ಉಂಡಳು.

ಶುಕ್ರಿ ಬಂದಾಗ ಲೆಲ್ಲಾ ಹೋಗಿಯಾಗಿತ್ತು. ಕಟ್ಟೆಯ ಮೇಲೆ ಹೂವಿನ ಅಂಚಿನ ಬಟ್ಟಲಿತ್ತು. ಬಾದಾಮಿಯ ಚಿತ್ತಾರದಲ್ಲಿ ಮೂರು ಚಮಚದ ಹಳ್ಳ.

"ಹದಿನೈದು ನಿಮಿಷಾನೂ ಆಗಿರ್ಲಿಲ್ಲ," ಎಂದಳು ವಿದಾದ್.

ಅವನು ನಜೀಹಾಳಿಗೆ ಫೋನು ಮಾಡಿ, ಸ್ಪೀಕರು ಹಾಕಿ, ಇಬ್ಬರ ನಡುವೆ ಇಟ್ಟು, ಆದದ್ದನ್ನು ಹೇಳಿದ.

"ಬೈಯೋದಿದ್ರೆ ನನಗೆ ಬೈರಿ, ಬಾಗಿಲು ಭದ್ರ ಮಾಡದೆ ಹೋದೋನು ನಾನು," ಎಂದ.

"ಯಾಕಪ್ಪಾ ಬೈಲಿ? ಬೆಳಿಗ್ಗೆಯಿಂದ ನಾನೇ ನಾಲ್ಕು ಮನೆಯ ಚಮಚ ನುಂಗಿದೀನಿ, ಬೇಡ ಅನ್ನೋಕಾಗದೆ. ಕೇಳು ವಿದಾದ್, ವಾಂತಿ ಮಾಡೋಕೆ ಹೋಗ್ಬೇಡ. ನುಂಗಿದ್ದೂ ಕೆಲವೊಮ್ಮೆ ಕೆಲಸ ಮಾಡುತ್ತೆ. ನೀನಾಗೇ ಎರಡನೇ ಪೊಟ್ಟಣಕ್ಕೆ ಕೈ ಹಾಕ್ಬೇಡ. ನಾಳೆ ಇದೇ ಹೊತ್ತಿನ ತನಕ ಕಾಯಿ. ರಕ್ತ ಕಾಣಿಸ್ಲಿಲ್ಲ ಅಂದ್ರೆ ಫೋನ್ ಮಾಡು."

ಆ ಹಗಲು ಬಟ್ಟಲುಗಳು ಬರುತ್ತಲೇ ಇದ್ದವು. ಶುಕ್ರಿ ಬಾಗಿಲಲ್ಲೇ ನಿಂತು ತೆಗೆದುಕೊಂಡ, ಶುಭಾಶಯಗಳಿಗೆ ತಲೆಯಾಡಿಸಿದ. ಕಟ್ಟೆಯಿಡೀ ಕೆನೆ, ಬಾದಾಮಿ, ಬೆಳ್ಳಿ ಬಣ್ಣದ ಸಕ್ಕರೆ ಕಾಳು. ಮೈಯೊಳಗಿನಿಂದ ಮಾತ್ರ ಏನೂ ಬರಲಿಲ್ಲ. ಪ್ರತಿ ಸಲ ಬಚ್ಚಲಿಗೆ ಹೋಗಿ ಬಂದಾಗಲೂ ವಿದಾದ್‌ಗೆ ಮೊದಲು ಹೆದರಿಕೆಯಾಗುತ್ತಿತ್ತು. ಅದರ ಬೆನ್ನಿಗೇ, ಹೇಳಿಕೊಳ್ಳಲಾಗದ ಒಂದು ನೆಮ್ಮದಿ.

ಸಂಜೆ ಗಂಡನಿಗೆ ಹೇಳಿದಳು: "ಮೂರನೇದನ್ನ ಅವರು ತುರುಕಲಿಲ್ಲ. ನಾನೇ ಬಾಯಿ ತೆಗ್ದೆ."

"ಗೊತ್ತು."

"ಹೇಗೆ ಗೊತ್ತು?"

ಅವನು ಮಗ್ಗದ ಒಂದು ಎಳೆಯನ್ನು ಬೆರಳಲ್ಲಿ ಎಳೆದು ಬಿಗಿಮಾಡಿದ. "ನಾನಾಗಿದ್ರೂ ತೆಗೀತಿದ್ದೆ."

ಮರುದಿನ ಹತ್ತಕ್ಕೆ ನಜೀಹಾ ಫೋನಿನಲ್ಲಿ ಎರಡನೆಯ ಪೊಟ್ಟಣ ಬಿಚ್ಚಲು ಹೇಳಿದಳು. "ಇದನ್ನ ಸರಿಯಾಗಿ ಇಟ್ಕೋ, ಮಗಳೇ. ಆಸ್ಪತ್ರೆಗೆ ಬರೆಯೋ ಚೀಟಿ ಮೇಜಿನ ಮೇಲೇ ಇದೆ. ನಂಗೆ ಅದನ್ನ ಬರೆಯೋ ಆಸೆ ಇಲ್ಲ."

ವಿದಾದ್ ಪೊಟ್ಟಣವನ್ನು ಬಿಚ್ಚದೆ ಎದ್ದು, ಓಣಿ ದಾಟಿ, ಎದುರುಮನೆಯ ಬಾಗಿಲು ಬಡಿದಳು. ಅಲ್ಲಿ ನಿಂತೇ ಹೇಳಿದಳು. ಐದಾರು ಮಾತು, ಅಷ್ಟೇ. ಮುದುಕಿ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡಳು.

"ಈ ಕೈಯಿಂದಲೇ... ಸುಲ್ತಾನ ಅಂದ್ನಲ್ಲೇ ನಾನು."

"ಅಳಬೇಡಿ ಲೆಲ್ಲಾ, ಕೆಲಸ ಇದೆ. ಅರ್ಧ ಗಂಟೆ ಯಾರೂ ನನ್ನ ಬಾಯಿ ತೆಗೆಸಬಾರದು. ನೀವು ಬಾಗಿಲಲ್ಲಿ ಕೂತ್ಕೋಬೇಕು. ನೀವೂ ಮಾತಾಡಿಸಬಾರದು."

"ನಾನು? ಅರ್ಧ ಗಂಟೆ?" ಲೆಲ್ಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಗಂಡ ಅದಕ್ಕಾಗಿ ನಲವತ್ತು ವರ್ಷ ಕಾದು, ನೋಡದೇನೇ ಸತ್ತ. ನಡಿ."

ನಾಲ್ಕು ಮಾತ್ರೆಗಳು ಮತ್ತೆ ಕೆನ್ನೆ ಸೇರಿದವು. ಲೆಲ್ಲಾ ಹೊಸ್ತಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂತಳು. ಐದು ನಿಮಿಷಕ್ಕೆ ಮೂಲೆಮನೆಯ ಹೆಂಗಸು ತನ್ನ ಬಟ್ಟಲು ಕೇಳಿಕೊಂಡು ಬಂದಳು.

"ವಿದಾದ್ ಇಲ್ವಾ?"

"ಹಲ್ಲು ಕೀಳಿಸ್ಕೊಂಡಿದಾಳೆ. ಬಾಯಿ ತೆಗೆಯೋ ಹಾಗಿಲ್ಲ."

"ಬಸುರೀಲಿ ಹಲ್ಲು ಕೀಳ್ತಾರಾ?"

"ಕೆಲವರ ನಾಲಿಗೇನೂ ಕೀಳ್ತಾರಂತೆ. ನಿನ್ನ ಹೆಸರು ಬರೆಸ್ಲಾ? ಹೋಗೇ."

ಆಮೇಲೆ ಅವಳು ಬಾಗಿಲು ಮುಂದೆ ಮಾಡಿ, ಒಳಗೆ ತಿರುಗಿ, ಅಂಗೈಯನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡಳು. ಇಬ್ಬರು ಹೆಂಗಸರು ಮುಚ್ಚಿದ ಬಾಯಿಯಲ್ಲಿ ಎದುರುಬದುರು ಕೂತರು. ಸುಣ್ಣದಂಥ ರುಚಿ ಮೆಲ್ಲಗೆ ಕರಗಿ ಒಸಡುಗಳಿಗೆ ಇಳಿಯುತ್ತಿತ್ತು. ಗಡಿಯಾರದ ಅರ್ಧ ತುಂಬುವ ತನಕ ವಿದಾದ್ ಮುದುಕಿಯ ಕಣ್ಣುಗಳನ್ನೇ ನೋಡಿದಳು. ಅವು ಒಂದೇ ಸಮನೆ ಸುರಿಯುತ್ತಿದ್ದವು, ಸದ್ದಿಲ್ಲದೆ. ಶುಕ್ರಿ ನೀರಿನ ಲೋಟ ಕೊಟ್ಟ. ಉಳಿದದ್ದನ್ನು ಅವಳು ನುಂಗಿದಳು.

ಮಧ್ಯಾಹ್ನಕ್ಕೆ ಚಳಿ ಹತ್ತಿ ಮೈ ಬಿಸಿಯಾಯಿತು, ಬಳಿಕ ನೋವು. ಲೆಲ್ಲಾ ಬೆನ್ನು ನೀವಿದಳು, ಬಿಸಿನೀರಿನ ಶಾಖ ಕೊಟ್ಟಳು. ಕೋಣೆಯ ಹೊರಗೆ ಶುಕ್ರಿ ಒಂದು ಉದ್ದನೆಯ ರೇಷ್ಮೆ ಎಳೆ ಹಿಡಿದು ಕೂತಿದ್ದ. ಪ್ಯಾಡು ಬದಲಿಸಿದಾಗಲೆಲ್ಲ ಮುದುಕಿ ಒಳಗಿನಿಂದ "ಒಂದು" ಎನ್ನುವಳು. ಅವನು ಗಡಿಯಾರ ನೋಡಿ ಒಂದು ಗಂಟು ಹಾಕುವನು. ಬಲು ಕೆಟ್ಟ ಗಂಟೆಯಲ್ಲಿ ಎರಡು ಗಂಟು ಬಿದ್ದವು. ಅವನು ಚಪ್ಪಲಿ ಮೆಟ್ಟಿ, ಆಸ್ಪತ್ರೆಗೆ ಹೊರಡಲು ತಯಾರಾಗಿ ನಿಂತ. ಮುಂದಿನ ಗಂಟೆಯಲ್ಲಿ ಒಂದೇ ಬಿತ್ತು. ಅದರ ಮುಂದಿನದರಲ್ಲಿ, ಒಳಗೆ ಯಾರೂ ಲೆಕ್ಕ ಹೇಳಲಿಲ್ಲ. ಬಾಗಿಲು ತೆರೆದು ಲೆಲ್ಲಾ ಒಂದು ತುಂಡು ಬಟ್ಟೆಗಾಗಿ ಅವನಿಗೆ ಕೈ ಚಾಚಿದಳು, ಅಷ್ಟೇ.

ಅವನು ಮಗ್ಗದಲ್ಲಿದ್ದ ಬಿಳಿಯ ರೇಷ್ಮೆಯಿಂದ ಅಂಗೈಯಗಲ ಕತ್ತರಿಸಿ ಕೊಟ್ಟ. ಇಷ್ಟು ಎಳೆಯದಕ್ಕೆ ಹೆಸರಿಲ್ಲ, ಪ್ರಾರ್ಥನೆಯೂ ಇಲ್ಲ. ಭೂಶಿರದ ಮೇಲೆ ಕಡಲಿಗೆ ಮುಖಮಾಡಿದ ಬಿಳಿಗೋರಿಗಳ ನಡುವೆ, ತನ್ನ ತಂದೆಯ ಗೋರಿಯ ಕಾಲ್ದೆಸೆಯಲ್ಲಿ, ಅವನು ಬರಿಗೈಯಲ್ಲೇ ನೆಲ ತೋಡಿದ. ಮರಳಿ ಬಂದಾಗ ಉಗುರಿನೊಳಗೆ ಮಣ್ಣಿತ್ತು. ವಿದಾದ್ ಆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು, ತೊಳೆಯಲು ಬಿಡಲಿಲ್ಲ.

ಫೋನಿನಲ್ಲಿ ನಜೀಹಾ ಎಲ್ಲವನ್ನೂ ಕೇಳಿದಳು. "ಆಯ್ತು ಮಗಳೇ. ಸರಿಯಾಗಿ ಮಾಡಿದೀಯ. ಜ್ವರ ನಾಳೆಗೂ ಉಳಿದ್ರೆ ಬಾ. ಇಲ್ಲಾಂದ್ರೆ ಮುಂದಿನ ವಾರ ಬಂದು ತೋರಿಸು." ಸರಿಯಾಗಿ ಮಾಡಿದೀಯ ಎಂಬ ಮಾತಿಗೆ ವಿದಾದ್ ಮೊದಲ ಬಾರಿಗೆ ದನಿ ತೆಗೆದು ಅತ್ತಳು.

ಸಂಜೆಯ ಬಾಂಗಿನ ಹೊತ್ತಿಗೆ ಲೆಲ್ಲಾ ಎದ್ದಳು. ತೊಳೆದಿಟ್ಟಿದ್ದ ಹೂವಿನ ಅಂಚಿನ ಬಟ್ಟಲನ್ನು ಎತ್ತಿಕೊಂಡಳು. ವಿದಾದ್ ಗೋಡೆ ಹಿಡಿದು ಬಂದು, ಕಟ್ಟೆಯ ಮೇಲಿನ ಬಾದಾಮಿಯನ್ನು ಬೊಗಸೆಯಲ್ಲಿ ತುಂಬಿ ಬಟ್ಟಲಿಗೆ ಸುರಿದಳು.

"ಬಟ್ಟಲು ಖಾಲಿ ಕಳಿಸಬಾರದು, ಲೆಲ್ಲಾ."

"ನಲವತ್ತು ವರ್ಷದಿಂದ ಈ ಓಣೀಲಿ ನನ್ನ ಬಟ್ಟಲು ಖಾಲಿ ಬಂದಿಲ್ಲ." ಮುದುಕಿ ಬಾದಾಮಿಗಳನ್ನು ಒಂದೊಂದಾಗಿ ಎತ್ತಿ ವಿದಾದಳ ಅಂಗೈಗೆ ಹಿಂದಿರುಗಿಸಿದಳು. "ಇವತ್ತು ಖಾಲಿ ಒಯ್ತೀನಿ. ನಿನ್ನ ಹತ್ರ ಇದ್ದಿದ್ದನ್ನ ನೀನು ಕೊಟ್ಟಾಯ್ತು."

"ಬಟ್ಟಲಿಗೆ ಬಟ್ಟೆನಾದ್ರೂ ಮುಚ್ಕೊಳ್ಳಿ. ಓಣಿಯವರು ನೋಡ್ತಾರೆ."

"ನೋಡ್ಲಿ ಅಂತಾನೇ. ಖಾಲಿ ಬಟ್ಟಲು ನೋಡಿದ್ರೆ ಈ ಮನೇಲಿ ಕಳ್ಕೊಂಡಿದಾರೆ ಅಂತ ತಿಳ್ಕೋತಾರೆ. ನಾಳೆಯಿಂದ ಯಾರೂ ನಿನ್ನ ಹೊಟ್ಟೆ ವಿಚಾರ ಕೇಳಲ್ಲ. ಮನೆಮನೆಗೂ ನೀನೇ ಹೋಗಿ ಹೇಳೋದು ಬೇಡ, ಮಗಳೇ."

ಅವಳು ಖಾಲಿ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಹೊಸ್ತಿಲು ದಾಟಿದಳು. ಓಣಿಯಲ್ಲಿ ಮಾತಾಡುತ್ತಿದ್ದ ಹೆಂಗಸರ ದನಿಗಳು ಒಂದೊಂದಾಗಿ ನಿಂತವು. ಅವಳ ಹಿಂದೆ ನೀಲಿ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.