ಮಗ್ಗದ ಜಾಗದಲ್ಲಿ ಕಂಪ್ಯೂಟರ್

ಮದುವೆಗೆ ಮುಂಚೆ ನವನೀತಾ ಗದ್ವಾಲಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು. ನಾರಾಯಣಪೇಟೆಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಕೈಲಿದ್ದದ್ದು ಒಂದು ಮುದಿ ಲ್ಯಾಪ್‌ಟಾಪ್. ವಿಡಿಯೋದಲ್ಲಿ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಅದು ಮುಷ್ಕರ ಹೂಡುತ್ತಿತ್ತು. ಒಳ್ಳೆಯ ಕಂಪ್ಯೂಟರ್ ಒಂದು ಮನೆಗೆ ಬರಬೇಕು, ಅದರ ಮುಂದೆ ತಾನು ಕೂತು ತನ್ನ ಹೆಸರಿನಲ್ಲೇ ಕೆಲಸ ಹಿಡಿಯಬೇಕು. ಅವಳ ಆಸೆ ಇಷ್ಟೇ. ಈ ಜಗತ್ತಿನಲ್ಲಿ ಸೊಸೆಯ ಆಸೆಗೆ ಅಳತೆ ಹಾಕುವವರು ಬೇರೆಯೇ ಇರುತ್ತಾರೆ ಎಂಬುದು ಅವಳ ತಲೆಗೆ ಹೋಗಿರಲಿಲ್ಲ.

ಗಂಡ ಮಹೇಂದರ್ ನೇಯ್ಗೆ ಗಿಟ್ಟುವುದಿಲ್ಲವೆಂದು ಮಗ್ಗ ಬಿಚ್ಚಿಟ್ಟು ಕೈಕಟ್ಟಿ ಕೂತಿದ್ದ. ಅವನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಕಂಪ್ಯೂಟರ್ ತರಲು ಮಕ್ತಲ್ ಮೇಲೆ ಗದ್ವಾಲಿಗೆ ಹೋಗುವ ಬಸ್ಸು ಹತ್ತಿದಳು.

ಅಲ್ಲಿಯ ಕಂಪ್ಯೂಟರ್ ಅಂಗಡಿಯ ಎಂಕಪ್ಪ ಬಹಳ ಮರ್ಯಾದಸ್ಥ. ಪ್ರಶ್ನೆ ಕೇಳಿದ್ದೆಲ್ಲ ನವನೀತಾ, ಉತ್ತರ ಹೋದದ್ದೆಲ್ಲ ಮಹೇಂದರನಿಗೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಎಷ್ಟೆಂದು ಇವಳು ಕೇಳಿದರೆ, “ಎಂಟು ಜಿಬಿ ಐತ್ರಿ ಅಣ್ಣಾ” ಎಂದು ಅವನತ್ತ ತಿರುಗಿ ಹೇಳುತ್ತಿದ್ದ. ಅಣ್ಣನ ಕಣ್ಣೋ, ಬಣ್ಣಬಣ್ಣದ ದೀಪ ಹತ್ತುವ ಗಾಜಿನ ಕ್ಯಾಬಿನೆಟ್ ಮೇಲೆ.

“ಇದನ್ನ ತಗೊಳ್ಳೂಣು. ಮಂದಿ ನೋಡಿದ್ರ ನೋಡ್ತಾನ ನಿಲ್ಬೇಕು” ಎಂದ.

“ಅದೇನು ಸೆರಗೇನ್ರಿ, ಮಂದಿಗೆ ತೋರ್ಸಾಕ? ಒಳಗ ಗಾಳಿ ಆಡಿದ್ರ ಸಾಕು. ಆ ರೊಕ್ಕ ಮಾನಿಟರಿಗೆ ಹಾಕೂಣು. ಮದುಮಗಳ ಸೀರಿ ಕುಂಕುಮ ಬಣ್ಣದ್ದಿದ್ರ ಕುಂಕುಮನ ಕಾಣ್ಬೇಕು, ಟೊಮ್ಯಾಟೊ ಕಾಣಬಾರ್ದು.”

ಪ್ರೊಸೆಸರ್ ನಡುತರದ್ದಾದರೂ ರ‍್ಯಾಮ್ ಕೈಬಿಚ್ಚಿ ಹಾಕಿಸಿದಳು. ಎಡಿಟ್ ಮಾಡಲು ವೇಗದ ಎಸ್‌ಎಸ್‌ಡಿ, ಮುಗಿದ ಮದುವೆಗಳನ್ನು ತುಂಬಿಡಲು ದೊಡ್ಡದೊಂದು ಹಾರ್ಡ್ ಡಿಸ್ಕ್. ಪವರ್ ಸಪ್ಲೈ ಮಾತ್ರ ಗಟ್ಟಿಯದೇ ಬೇಕೆಂದು ಹಟ ಹಿಡಿದಳು. ಊರಿನ ಕರೆಂಟಿನ ಬುದ್ಧಿ ಅವಳಿಗೆ ಗೊತ್ತಿತ್ತು. ಎಲ್ಲ ಮುಗಿದ ಮೇಲೆ ಎಂಕಪ್ಪ, “ನಿಮ್ಮ ಆಯ್ಕೆ ಭಾಳ ಚೊಲೋ ಐತ್ರಿ ಅಣ್ಣಾ” ಎಂದು ಮಹೇಂದರನ ಕೈ ಕುಲುಕಿದ. ನವನೀತಾಗೆ ಮೈಯೆಲ್ಲ ಉರಿಯಿತು. ಆದರೂ ಮಾನಿಟರಿನ ಡಬ್ಬ ತೊಡೆಯ ಮೇಲಿರುವಾಗ ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ.

ಅವಳು ತಪ್ಪು ಮಾಡಿದ್ದು ಮನೆಗೆ ಬಂದ ಮೇಲೆ. ಮೇಜು ಎಲ್ಲಿಡುವುದು ಎಂಬ ಮಾತು ಬಂತು. ಮಗ್ಗವಿದ್ದಾಗ ನೇಯುವವನು ಕಾಲು ಇಳಿಬಿಟ್ಟು ಕೂಡುತ್ತಿದ್ದ ಕುಣಿಯನ್ನು ಮುಚ್ಚಿ ಬಂಡೆ ಹಾಸಿದ್ದರು. ಅಲ್ಲಿ ತಂಪಿತ್ತು, ಬೆಳಕು ಪರದೆಯ ಮೇಲೆ ಬೀಳುತ್ತಿರಲಿಲ್ಲ, ಅಡುಗೆಯ ಹೊಗೆಯೂ ದೂರ. ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. “ಇಲ್ಲೇ ಇಡ್ರಿ” ಎಂದುಬಿಟ್ಟಳು.

“ಅಲ್ಲೇನವ್ವಾ?” ಎಂದು ಅತ್ತೆ ಪೋಚಮ್ಮ ಒಂದು ಸಲ ತಡೆದು ಕೇಳಿದಳು. ಅವಳಿಗೆ ಗೊತ್ತಿತ್ತು. ಬಿಡಿಸಿ ಹೇಳಲಿಲ್ಲ.

ಮಗ್ಗದ ಜಾಗ ಮತ್ತೆ ತುಂಬಿದ್ದು ಕಂಡು ಮಾವ ಚಿನ್ನಯ್ಯನ ಕಣ್ಣು ಒದ್ದೆಯಾಯಿತು. ಹೊಸ ಮಗ್ಗ ಹೂಡಿದಾಗ ಮಾಡುವಂತೆಯೇ ಕ್ಯಾಬಿನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, “ಮಹೇಂದರ್, ಕೂಡಪ್ಪಾ” ಎಂದ. ಆ ಮನೆಯಲ್ಲಿ ಮಗ್ಗಕ್ಕೆ ಕೂಡುವವನು ಮಗ. ಹೆಂಗಸರದು ನೂಲು ಬಿಡಿಸುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುವುದು. ಪೂಜೆಯ ಮಟ್ಟಿಗೆ ಇರಲಿ ಎಂದು ನವನೀತಾ ಸುಮ್ಮನಾದಳು. ಮರುದಿನವೂ ಅವನೇ ಕೂತ. ಅದರ ಮರುದಿನವೂ.

ಅವನಿಗೆ ಏನೂ ಬರುತ್ತಿರಲಿಲ್ಲ. ಇವಳು ಹಿಂದೆ ನಿಂತು, ಇಲ್ಲಿ ಕತ್ತರಿಸಿ, ಅಲ್ಲಿ ಜೋಡಿಸಿ ಎಂದು ಹೇಳಿಕೊಟ್ಟಳು. ಕಲಿತ. ಕಲಿತ ಮೇಲೆ ಇವಳ ಪಾಲಿಗೆ ಉಳಿದದ್ದು ಪಕ್ಕದ ಮಣೆ ಮತ್ತು ಆ ಮುದಿ ಲ್ಯಾಪ್‌ಟಾಪ್: ಕ್ಯಾಮೆರಾದಿಂದ ಬಂದದ್ದನ್ನು ನೋಡಿ, ಒಳ್ಳೆಯ ತುಣುಕು ಆರಿಸಿ, ಅವನ ಕೈಗೆ ಕೊಡುವುದು. ಬಾಗಿಲಿಗೆ ‘ಮಹೇಂದರ್ ವಿಡಿಯೋಸ್’ ಎಂಬ ಬೋರ್ಡು ಏರಿತು.

ಬೋರ್ಡು ಏರಿದ ದಿನ ಅವಳು ಬಾಯಿಬಿಟ್ಟಳು. “ಮಾವ, ಇದನ್ನ ಆರಿಸಿ ತಂದಾಕಿ ನಾ. ನಾ ಕೂಡ್ತೀನ್ರಿ.”

ಚಿನ್ನಯ್ಯ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿರುತ್ತಿತ್ತು, ಜಗಳವಾದರೂ ಆಡಬಹುದಿತ್ತು. “ನೂಲು ಆರ್ಸಾಕಿ ನಿಮ್ಮತ್ತೀನೂ ಅದಾಳವ್ವಾ. ಒಂದಿನಾರ ಮಗ್ಗಕ್ಕ ಕುಂತಾಳೇನು?” ಎಂದು ನಕ್ಕ.

ಮಹೇಂದರ್ ಎಲ್ಲವನ್ನೂ ಕೇಳಿಸಿಕೊಂಡ. ಮೌಸ್ ಹಿಡಿದು ಮುಂದಿನ ತುಣುಕು ಜೋಡಿಸಿದ.

ಮಾಘದಲ್ಲಿ ಮದುವೆಗಳು ಮುಗಿಬಿದ್ದವು. ಒಂದು ಕಂಪ್ಯೂಟರ್ ಸಾಲದಾಯಿತು. ಊಟಕ್ಕೆ ಕೂತಾಗ ಚಿನ್ನಯ್ಯ, “ಇನ್ನೊಂದು ತರೂಣು. ಅದಕ್ಕ ಭಾನುಪ್ರಕಾಶ ಕೂಡ್ತಾನ” ಎಂದು ಕಿರಿಯ ಮಗನ ಹೆಸರು ಹೇಳಿದ. ಆಮೇಲೆ ಪ್ರೀತಿಯಿಂದಲೇ ಇವಳತ್ತ ತಿರುಗಿದ. “ಏನೇನು ಹಾಕ್ಸಬೇಕು, ನೀನ ಹೇಳವ್ವಾ. ಈ ಮನ್ಯಾಗ ಅದು ಗೊತ್ತಿದ್ದಾಕಿ ನೀ ಒಬ್ಬಾಕಿ.”

ತಪ್ಪು ಹೇಳಬಹುದಿತ್ತು. ಎಂಥದೋ ಅಗ್ಗದ ಪವರ್ ಸಪ್ಲೈ, ಕೆಲಸಕ್ಕೆ ಬಾರದ ಕಾರ್ಡು, ಅರ್ಧಕ್ಕರ್ಧ ರ‍್ಯಾಮ್. ಮದುವೆ ಕಾಲದಲ್ಲಿ ಕಂಪ್ಯೂಟರ್ ಕೈಕೊಟ್ಟು, ಊರ ಮುಂದೆ ಇವರ ಮುಖ ಸಣ್ಣಗಾಗುತ್ತಿತ್ತು. ಅವಳು ಅದನ್ನೇ ಹೇಳಬೇಕೆಂದು ಬಾಯಿ ತೆರೆದಳು. ದೇವರಾಣೆಗೂ ಅದನ್ನೇ ಹೇಳಬೇಕೆಂದಿದ್ದಳು.

“ರ‍್ಯಾಮ್ ಹೋದಸಲದಕ್ಕಿಂತ ಜಾಸ್ತಿ ಇರ್ಲಿ. ಕಾರ್ಡು ಹನ್ನೆರಡು ಜಿಬಿದು ನೋಡ್ರಿ. ಪವರ್ ಸಪ್ಲೈ ಗಟ್ಟಿದ ತರ್ರಿ, ಅದರಾಗ ಜುಗ್ಗತನ ಬ್ಯಾಡ.”

ಒಂದೂ ತಪ್ಪಿರಲಿಲ್ಲ.

“ಸೊಸಿ ಅಂದ್ರ ಹಿಂಗಿರ್ಬೇಕು” ಎಂದು ಚಿನ್ನಯ್ಯ ತಟ್ಟೆಯ ಮುಂದೆಯೇ ಮನಸಾರೆ ಹೊಗಳಿದ. ಆ ಮನೆಗೆ ಬಂದಾಗಿನಿಂದ ನವನೀತಾಗೆ ತನ್ನ ಮೇಲೆಯೇ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.